ಶಿವಲಿಂಗಮ್ಮ ಹೊಲಿದ ಕ್ಯಾನುಗಳು

ಮಂಗಳೂರು ಎಂದ ಕೂಡಲೇ ಸಮುದ್ರ, ಮೀನು ಎಂದು ಶುರು ಮಾಡುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ನಮ್ಮದು ಯಲಬುರ್ಗಾ ಸೀಮೆಯ ಮಂಗಳೂರು. ಇಲ್ಲಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸಮ್ಮನಾಗಿ ದುಡಿದು, ಊರಿನ ಅರ್ಧ ಮಂದಿಗೆ ಸೂಜಿ ಚುಚ್ಚಿ ಬೈಸಿಕೊಂಡು, ಈಗ ನಿವೃತ್ತಳಾಗಿ ಇದೇ ಊರಲ್ಲಿ ಕೂತಿದ್ದೇನೆ. ಹೆಸರು ನೇತ್ರಾವತಿ. ಆದರೆ ಇಲ್ಲಿ ಎಲ್ಲರಿಗೂ ನಾನು ಸಿಸ್ಟರ್. ನನ್ನ ಗೋಡೆಗೆ ಗೋಡೆ ಹತ್ತಿದ ಮನೆ ಶಿವಲಿಂಗಮ್ಮನದು, ಮತ್ತು ಈಗ ಹೇಳಹೊರಟದ್ದು ಅವಳ ವಿಷಯ.

ಶಿವಲಿಂಗಮ್ಮನ ಕೆಲಸ ಹಿತ್ತಲು, ತೋಟಗಳ ಕಸ ತೆಗೆಯುವುದು. ಗಂಡ ತೀರಿಕೊಂಡ ಮೇಲೆ ಕೂಲಿಗೆ ಹೋಗುತ್ತ ಹೋಗುತ್ತ ಇದನ್ನು ಹಿಡಿದಳು. ಬೇರೆಯವರಿಗೆ ಈ ಕೆಲಸ ಕೊಟ್ಟರೆ ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ ಕಡ್ಡಿ ಗೀರಿ ಮನೆಗೆ ಹೋಗುತ್ತಾರೆ. ಇವಳು ಬೆಂಕಿ ಮುಟ್ಟುವುದಿಲ್ಲ. ಒಣ ಎಲೆ, ದಂಟು, ಕೊಳೆತ ಹಣ್ಣು ತಿಪ್ಪೆಗೆ. ಮುಳ್ಳಿನ ಟೊಂಗೆ ಬೇಲಿಗೆ. ಒಡೆದ ಹೆಂಚು ಕೆಸರಿನ ದಾರಿಗೆ. ಹನಿ ನೀರಾವರಿಯ ಹರಿದ ಪೈಪು, ಗಾಜು, ಕಬ್ಬಿಣ ಎಲ್ಲ ಗುಜರಿಯ ಜಮೀರನ ಗಾಡಿಗೆ. ‘ಸುಟ್ಟರ ಕಸ ಎಲ್ಲಿ ಹೋಗತೈತ್ರಿ ಸಿಸ್ಟರ್, ನಮ್ಮ ಮೂಗಿನಾಗ ಬಂದು ಕುಂದರತೈತಿ’ ಎನ್ನುತ್ತಿದ್ದಳು. ನನ್ನ ಮನೆಯಲ್ಲಿ ಯಾವುದಾದರೂ ಹಳೆಯ ಡಬ್ಬಿ ಕಂಡರೆ ಸಾಕು, ಚಹಾ ಕುಡಿಯುತ್ತಲೇ ಅದರ ಮೇಲೆ ಕಣ್ಣು ಇಟ್ಟಿರುತ್ತಿದ್ದಳು. ನನಗೆ ರೇಗಿ ಅದನ್ನು ಕಪಾಟಿನ ಒಳಗೆ ಇಡುತ್ತಿದ್ದೆ.

ಅವಳ ಕೈಯಿಂದ ಹೊರಬರುವ ವಸ್ತುಗಳಲ್ಲಿ ಹೆಸರಾಗಿದ್ದು ಗೋಣಿ ಹೊದಿಸಿದ ಕ್ಯಾನು. ಹಿತ್ತಲಲ್ಲಿ ಸಿಕ್ಕ ಗಟ್ಟಿ ಪ್ಲಾಸ್ಟಿಕ್ ಕ್ಯಾನನ್ನು ಬೂದಿ, ಮರಳು ಹಾಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಸುತ್ತಲೂ ಗೋಣಿ ತಟ್ಟು ಇಟ್ಟು ದಬ್ಬಣದಿಂದ ಸುತಳಿ ಹೊಲಿಯುತ್ತಿದ್ದಳು. ಗೋಣಿಯನ್ನು ನೆನೆಸಿ ಬೇವಿನ ನೆರಳಿಗೆ ತೂಗುಹಾಕಿದರೆ ಒಳಗಿನ ನೀರು ಮಧ್ಯಾಹ್ನದ ತನಕ ತಂಪು. ಹೊಲಕ್ಕೆ ಹೋಗುವ ಹೆಂಗಸರು ಅವಳ ಕ್ಯಾನಿಗಾಗಿ ಕಾಯುತ್ತಿದ್ದರು. ಔಷಧ ಹೊಡೆಯುವ ಡಬ್ಬಿಗಳ ವಿಷಯದಲ್ಲಿ ಮಾತ್ರ ಅವಳು ಬಲು ಕಟ್ಟುನಿಟ್ಟು. ಕೀಟದ್ದಿರಲಿ, ಕಳೆಯದ್ದಿರಲಿ, ಡಬ್ಬಿ ಕಂಡ ತಕ್ಷಣ ತಳಕ್ಕೆ ಸಲಾಕೆ ಹೊಡೆದು ತೂತು ಮಾಡಿ ಬೇರೆ ಚೀಲಕ್ಕೆ ಹಾಕುವಳು. ಆಮೇಲೆ ಅಂಗಡಿಗೆ ವಾಪಸು ಒಯ್ಯಿರೆಂದು ತೋಟದವರ ಬೆನ್ನು ಹತ್ತುವಳು. ಯಾರೋ ತಿಳಿಯದೆ ಅದರಲ್ಲಿ ನೀರು ತುಂಬಿಬಿಟ್ಟಾರು ಎನ್ನುವುದು ಅವಳ ಭಯ.

ಕಳೆದ ಮಳೆಗಾಲ ಕಳಕಪ್ಪ ತನ್ನ ದಾಳಿಂಬೆ ತೋಟವನ್ನು ಅವಳಿಗೆ ಒಪ್ಪಿಸಿದ. ಗಿಡಗಳಿಗೆ ರೋಗ ಬಿದ್ದು ಕಿತ್ತು ಹಾಕಿದ್ದ. ಪೇರಲ ಹಚ್ಚುವ ಮೊದಲು ಅಲ್ಲಿ ಬಿದ್ದ ಸಾಮಾನೆಲ್ಲ ಹೋಗಬೇಕಿತ್ತು. ‘ಒಂದ ಕಡ್ಡಿ ಗೀರಿದ್ರ ಸಂಜಿಗೆ ಮುಗೀತಿತ್ತಬೇ, ನಿನ್ನ ಕೈಯಾಗ ಕೊಟ್ಟು ನನ್ನ ಹಂಗಾಮು ಹೋತು’ ಎಂದು ಅವನು ದಿನಾ ಬಂದು ಕೊರಗುತ್ತಿದ್ದ. ಕೇಳಿಸಿಕೊಳ್ಳದವಳಂತೆ ಅವಳು ಆರಿಸುತ್ತ ಕೂತಿರುತ್ತಿದ್ದಳು. ಔಷಧದ ಡಬ್ಬಿಗಳಿಗೆ ತೂತು ಬಿದ್ದವು. ಪಂಪಿನ ಮನೆಯ ಹಿಂದೆ ಸಿಕ್ಕ ಒಂದು ಅಡುಗೆ ಎಣ್ಣೆಯ ಕ್ಯಾನು, ಹೊಸದರಂತೆ ಗಟ್ಟಿಯಾಗಿದ್ದದ್ದು, ಹೊಲಿಯುವ ಕ್ಯಾನುಗಳ ಸಾಲಿಗೆ ಸೇರಿತು. ಹಿಂದೆ ಅವರಿವರ ಹಿತ್ತಲಿನಿಂದ ತಂದಿಟ್ಟವನ್ನೂ ಸೇರಿಸಿ ತೋಟದ ತೊಟ್ಟಿಯ ಪಕ್ಕದಲ್ಲೇ ತೊಳೆದಳು. ಎಲ್ಲಕ್ಕೂ ಒಂದೇ ಬಗೆಯ ಗೋಣಿ, ಒಂದೇ ಬಗೆಯ ಹೊಲಿಗೆ ಬಿದ್ದ ಮೇಲೆ ಯಾವುದು ಯಾವುದೆಂದು ಹೇಳುವಂತಿರಲಿಲ್ಲ.

ಗಂಗಾವತಿ ಕಡೆ ಭತ್ತ ಹಚ್ಚುವ ಕೆಲಸ ಶುರುವಾಗಿತ್ತು. ನಮ್ಮೂರಿನ ಹೆಂಗಸರ ಒಂದು ಗುಂಪು ಬೆಳಕು ಹರಿಯುವ ಮುಂಚೆ ಟೆಂಪೋ ಹತ್ತಿತು. ಶಿವಲಿಂಗಮ್ಮನ ಮಗಳು ಹುಲಗಮ್ಮ, ನಮ್ಮ ಓಣಿಯ ಮಾಳವ್ವ ಅದರಲ್ಲಿದ್ದರು. ಹೊಸ ಕ್ಯಾನುಗಳೆಲ್ಲ ಅವರ ಹೆಗಲಲ್ಲಿ ಹೋದವು.

ಅದೇ ಬೆಳಿಗ್ಗೆ, ಕರಿಬೇವಿನ ಗಿಡಕ್ಕೆ ಒಂದು ಬುಟ್ಟಿ ತಿಪ್ಪೆ ಗೊಬ್ಬರ ಬೇಕೆಂದು ನಾನು ಅವಳ ಜೊತೆ ತೋಟಕ್ಕೆ ಹೋದೆ. ಜಮೀರ ಪೈಪು ತುಂಬಿಕೊಳ್ಳಲು ತನ್ನ ಗೂಡ್ಸ್ ಗಾಡಿ ತಂದಿದ್ದ. ಕಳಕಪ್ಪ ತೊಟ್ಟಿಯ ಹತ್ತಿರ ನಿಂತು ನಗುತ್ತಿದ್ದ.

‘ಕಡೀಕೂ ಬೆಂಕಿ ಹಚ್ಚಿದೆಲ್ಲ ಶಿವಲಿಂಗಮ್ಮ. ನನಗ, ಊರಿಗೆಲ್ಲಾ ಮಾತ್ರ ಬುದ್ಧಿ ಹೇಳ್ತಿ.’

‘ನಾ ಎಲ್ಲಿ ಹಚ್ಚೀನಿ?’ ಎಂದು ಅವಳು ಮುಂದೆ ಹೋದಳು.

ತೊಟ್ಟಿಯ ಪಕ್ಕದ ಹಸಿ ಹುಲ್ಲಿನ ನಡುವೆ ಒಂದು ಪಟ್ಟಿ ಸುಟ್ಟಂತೆ ಕಂದಾಗಿ ಬಿದ್ದಿತ್ತು. ನೀರು ಹರಿದ ದಾರಿಯಲ್ಲೇ ಸಾಗಿ, ಇಳಿಜಾರಿನಲ್ಲಿ ತಿರುಗಿ, ಬದುವಿನ ತನಕ ಹೋಗಿತ್ತು. ಆಚೀಚೆಯ ಹುಲ್ಲು ಹಸಿರಾಗಿಯೇ ಇತ್ತು. ಶಿವಲಿಂಗಮ್ಮ ಬಗ್ಗಿ ಆ ಹುಲ್ಲನ್ನು ಕಿತ್ತು ಅಂಗೈಯಲ್ಲಿ ತಿಕ್ಕಿದಳು. ಬೂದಿಯಿರಲಿಲ್ಲ. ಹೊಗೆಯ ವಾಸನೆಯಿರಲಿಲ್ಲ. ತೊಟ್ಟಿಯಿಂದ ಬದುವಿನ ತನಕ ಆ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು.

‘ಸಿಸ್ಟರ್, ನಾ ಕ್ಯಾನ್ ತೊಳೆದದ್ದು ಇಲ್ಲೇರಿ’ ಎಂದಳು.

ಕಳಕಪ್ಪನ ನಗು ನಿಂತಿತು. ‘ಪಂಪಿನ ಮನಿ ಹಿಂದ ಒಂದ ಎಣ್ಣಿ ಕ್ಯಾನ್ ಇತ್ತಲ್ಲ, ಸೂರ್ಯಕಾಂತಿ ಹೂವಿನ ಚಿತ್ರ ಇದ್ದದ್ದು, ಅದು ಎಲ್ಲೈತಿ?’ ಎಂದು ಕೇಳಿದ.

ನಮ್ಮ ಕಡೆ ಔಷಧದ ದೊಡ್ಡ ಡಬ್ಬಿಯನ್ನು ಒಬ್ಬರೇ ತರುವುದು ಕಡಿಮೆ. ಇಬ್ಬರು ಸೇರಿ ತರುತ್ತಾರೆ, ಅರ್ಧ ಅವನಿಗೆ ಅರ್ಧ ಇವನಿಗೆ. ಹಂಚಿಕೊಳ್ಳುವಾಗ ಅಡುಗೆಮನೆಯಲ್ಲಿ ಯಾವ ಖಾಲಿ ಕ್ಯಾನು ಕೈಗೆ ಸಿಗುತ್ತದೋ ಅದಕ್ಕೆ ಸುರಿದುಕೊಳ್ಳುತ್ತಾರೆ. ಕಳಕಪ್ಪನೂ ಹಾಗೆಯೇ ಮಾಡಿದ್ದ. ಹುಲ್ಲು ಸುಡುವ ಔಷಧ ಆ ಎಣ್ಣೆ ಕ್ಯಾನಿನಲ್ಲಿತ್ತು.

‘ತಳದಾಗ ಒಂದೀಟು ಕರ್ರಗ ಇತ್ತು. ಬೆಲ್ಲದ ನೀರು ಕೆಟ್ಟೈತಿ ಅಂದ್ಕೊಂಡು ಚೆಲ್ಲಿದೆ. ತೊಳದೀನ್ರಿ, ಬೂದಿ ಹಾಕಿ ತೊಳದೀನಿ’ ಎಂದಳು ಶಿವಲಿಂಗಮ್ಮ. ಮತ್ತೆ, ‘ಎಷ್ಟು ತೊಳದೆ ಅಂತ ನೆನಪಾಗವಲ್ದು’ ಎಂದಳು.

‘ತೊಳದೀಯಲ್ಲ, ಏನೂ ಆಗೂದಿಲ್ಲ ಬಿಡು. ಸುಮ್ನ ಊರಾಗ ಸುದ್ದಿ ಮಾಡಬ್ಯಾಡ್ರಿ’ ಎಂದ ಕಳಕಪ್ಪ. ನಾನು ಅವನಿಗೆ ಏನು ಅಂದೆ ಎಂಬುದನ್ನು ಬರೆಯುವಂತಿಲ್ಲ.

ಹುಲಗಮ್ಮನ ಫೋನಿಗೆ ಹಚ್ಚಿದೆವು. ಗಂಟೆ ಹೊಡೆದು ಹೊಡೆದು ಕಟ್ಟಾಯಿತು. ಗದ್ದೆಗೆ ಇಳಿಯುವಾಗ ಹೆಂಗಸರು ಎಲ್ಲರ ಫೋನನ್ನೂ ಒಂದು ಚೀಲಕ್ಕೆ ಹಾಕಿ ಬದುವಿನ ಮೇಲಿಡುತ್ತಾರೆ. ಕರೆದೊಯ್ದ ಟೆಂಪೋದವನು ಫೋನಿನಲ್ಲಿ ಸಿಕ್ಕ. ಹೇಮಗುಡ್ಡದ ಕೆಳಗೆ ಕಾಲುವೆ ದಾಟಿ ಆಂಧ್ರದವರು ನೆಲೆನಿಂತ ಒಂದು ಕ್ಯಾಂಪಿನ ಹತ್ತಿರ ಇಳಿಸಿದೆ, ಈಗ ನಾನು ಸಿಂಧನೂರು ದಾರಿಯಲ್ಲಿದ್ದೇನೆ ಎಂದ. ಯಾರ ಗದ್ದೆ ಎಂದರೆ ಗೊತ್ತಿಲ್ಲ ಎಂದ. ಯಾವ ಗದ್ದೆ ಎಂದೇ ತಿಳಿಯದೆ ಅಂಬುಲೆನ್ಸನ್ನು ಎಲ್ಲಿಗೆಂದು ಕರೆಸುವುದು. ಜಮೀರ ಒಂದು ಮಾತೂ ಕೇಳದೆ ತುಂಬಿದ್ದ ಪೈಪುಗಳನ್ನೆಲ್ಲ ನೆಲಕ್ಕೆ ಒಗೆದ. ‘ಹತ್ರಿ ಸಿಸ್ಟರ್’ ಎಂದ.

ಕೊಪ್ಪಳ ದಾಟಿ ಬೂದಗುಂಪಾ ಕ್ರಾಸಿಗೆ ತಿರುಗುವ ತನಕ ಶಿವಲಿಂಗಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಹಚ್ಚುತ್ತಿದ್ದಳು. ಅದರಲ್ಲಿ ಯಾವುದೋ ದೇವರ ಹಾಡು ಅರ್ಧ ಬಂದು ನಿಲ್ಲುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

‘ಅದನ್ನ ಕುಡದವರಿಗೆ ಏನಾಗತೈತ್ರಿ?’

ನನಗೆ ಗೊತ್ತಿತ್ತು. ನನ್ನ ಸರ್ವಿಸಿನಲ್ಲಿ ಅಂಥವರನ್ನು ನೋಡಿದ್ದೇನೆ. ಮೊದಲ ದಿನ ಅವರು ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾರೆ. ಮಾತಾಡುತ್ತಾರೆ, ಚಹಾ ಕೇಳುತ್ತಾರೆ. ಮನೆಯವರು ಉಳಿದರು ಎಂದುಕೊಂಡು ನಗುತ್ತಾರೆ. ಬಾಯಿಯಲ್ಲಿ ಹುಣ್ಣು ಏಳುವುದು ಆಮೇಲೆ. ಮೂತ್ರ ಕಟ್ಟುವುದು, ಉಸಿರು ಸಣ್ಣಗಾಗುವುದು ಅದಕ್ಕೂ ಆಮೇಲೆ. ಡಾಕ್ಟರುಗಳು ಮಾತು ಕಡಿಮೆ ಮಾಡುವ ವಿಷ ಅದೊಂದೇ. ತೊಳೆದ ಕ್ಯಾನಿನಲ್ಲಿ ಎಷ್ಟು ಉಳಿದೀತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ, ಲೆಕ್ಕ ತಪ್ಪುತ್ತ ಕೂತಿದ್ದೆ.

‘ವಾಂತಿ ಆಗಬಹುದು’ ಎಂದೆ.

‘ಸುಳ್ಳು ಹೇಳಬ್ಯಾಡ್ರಿ. ನೀವು ಹಿಂಗ ಸಣ್ಣಗ ಮಾತಾಡವರಲ್ಲ’ ಎಂದಳು. ‘ನಂಗ ಭಾಳ ಹೆದರಿಕಿ ಆಗತೈತ್ರಿ’ ಎಂದು ಅವಳು ಮಗುವಿನಂತೆ ನನ್ನ ಸೀರೆಯ ಸೆರಗು ಹಿಡಿದುಕೊಂಡಳು.

ಹೇಮಗುಡ್ಡದ ಕೆಳಗೆ ಎಲ್ಲಿ ನೋಡಿದರೂ ನೀರು ನಿಂತ ಗದ್ದೆ, ಎಲ್ಲೆಲ್ಲೂ ಬಗ್ಗಿದ ಬೆನ್ನು. ಜಮೀರ ಸಿಕ್ಕಸಿಕ್ಕವರನ್ನು ಕೇಳಿದ. ಒಂದು ಕ್ಯಾಂಪಿನಲ್ಲಿ ಯಲಬುರ್ಗಾ ಹೆಂಗಸರು ಎಂದರೆ ಬಲಕ್ಕೆ ಎಂದರು. ಅಲ್ಲಿ ಹೋದರೆ ಕುಷ್ಟಗಿಯವರು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಹೊತ್ತು ಹೋದಷ್ಟೂ ಅವರಿಗೆ ಬಾಯಾರಿಕೆ ಹೆಚ್ಚುತ್ತದೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕಡೆಗೆ ಶಿವಲಿಂಗಮ್ಮನೇ ಗಾಡಿಯಿಂದ ಕೈ ಚಾಚಿದಳು. ಕಾಲುವೆಯ ಬದಿಯ ಜಾಲಿ ಗಿಡದಲ್ಲಿ ಅವಳು ಹೊಲಿದ ಕ್ಯಾನುಗಳು ಸಾಲಾಗಿ ತೂಗುತ್ತಿದ್ದವು.

‘ಅವ್ವಾ, ನೀ ಯಾಕ ಬಂದಿ?’ ಎಂದು ಹುಲಗಮ್ಮ ಕೆಸರಿನಿಂದ ಎದ್ದು ಕೇಳಿದಳು. ತಾಯಿ ಆಗಲೇ ಜಾಲಿ ಗಿಡದ ಕಡೆ ಓಡಿದ್ದಳು. ಯಾರೂ ನೀರು ಕುಡಿಯಬೇಡಿ, ಮೇಲೆ ಬನ್ನಿ ಎಂದು ನಾನೇ ಕೂಗಿ ವಿಷಯ ಹೇಳಿದೆ. ಹೆಂಗಸರು ಸಸಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಬದುವಿನ ಮೇಲೆ ಬಂದು ನಿಂತರು. ಗದ್ದೆಯ ಯಜಮಾನ, ‘ಏಮ್ಮಾ, ಅರ್ಧಕ್ಕ ಬಿಟ್ಟು ಎಲ್ಲಿಗೆ ಹೋಗ್ತೀರಿ’ ಎನ್ನುತ್ತ ಬಂದವನು ವಿಷಯ ಕೇಳಿ ಬಾಯಿ ಮುಚ್ಚಿದ.

ಶಿವಲಿಂಗಮ್ಮ ಕ್ಯಾನುಗಳನ್ನು ಇಳಿಸಿ ಸಾಲಾಗಿ ಇಟ್ಟಳು. ಗೋಣಿ ಬಿಚ್ಚಿದರೆ ಮಾತ್ರ ಚಿತ್ರ ಕಾಣುವುದು. ಅವಳ ಹೊಲಿಗೆಯೋ, ಎಳೆದರೆ ಬಿಡುವಂಥದ್ದಲ್ಲ. ನೀರು ಕುಡಿದು ಸುತಳಿ ಇನ್ನೂ ಬಿಗಿದುಕೊಂಡಿತ್ತು. ಜಮೀರ ಯಾರದೋ ಕುಡುಗೋಲು ತಂದುಕೊಟ್ಟ. ಮೊದಲು ಅವಳು ಎಳೆದುಕೊಂಡದ್ದು ಮಗಳ ಕ್ಯಾನನ್ನು. ಕುಡುಗೋಲು ಜಾರಿ ಬೆರಳು ಕೊಯ್ದುಕೊಂಡಿತು, ಅವಳು ನೋಡಿಕೊಳ್ಳಲಿಲ್ಲ. ಗೋಣಿ ಹರಿದಾಗ ಒಳಗೆ ಶೇಂಗಾ ಎಣ್ಣೆಯ ಚಿತ್ರವಿತ್ತು. ಶಿವಲಿಂಗಮ್ಮ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

‘ನಿನ್ನ ಮಗಳದು ಆತಲ್ಲ ಯಕ್ಕಾ, ಈಗ ನಮ್ಮವೂ ಬಿಚ್ಚು’ ಎಂದಳು ಮಾಳವ್ವ.

ಆ ಮಾತಿಗೆ ಶಿವಲಿಂಗಮ್ಮ ತಲೆ ತಗ್ಗಿಸಿದಳು. ಒಂದೊಂದೇ ಗೋಣಿ ಹರಿಯುತ್ತಾ ಹೋದಳು. ತನ್ನ ಕ್ಯಾನು ಅದಲ್ಲ ಎಂದು ಗೊತ್ತಾದವಳು ಅಲ್ಲೇ ಕುಸಿದು ಕೂರುತ್ತಿದ್ದಳು. ಉಳಿದವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ ಉಳಿದದ್ದು ಮಾಳವ್ವನದು. ಅವಳಿಗೆ ಬಾಯಾರಿಕೆ ಜಾಸ್ತಿಯೆಂದು ಶಿವಲಿಂಗಮ್ಮ ಹೊಲಿದಾದ ಮೇಲೆ ಅದೊಂದಕ್ಕೆ ಇನ್ನೊಂದು ಪದರ ಗೋಣಿ ಹಾಕಿದ್ದಳು. ಎರಡನೆಯ ಪದರ ಹರಿದಾಗ ಸೂರ್ಯಕಾಂತಿ ಹೂವು ಕಂಡಿತು. ಕ್ಯಾನು ಖಾಲಿಯಾಗಿತ್ತು.

ಮಾಳವ್ವ ತನ್ನ ಗಂಟಲಿನ ಮೇಲೆ ಕೈ ಇಟ್ಟುಕೊಂಡಳು. ಹುಲಗಮ್ಮ ಬಂದು ಅವಳ ಪಕ್ಕ ನಿಂತಳು.

‘ಅವ್ವಾ, ಯಾರ ಕ್ಯಾನ್ ಅಂತ ಹುಡುಕಿ ಏನ ಮಾಡ್ತಿ. ಮಾಳವ್ವತ್ತಿ ನೀರಽ ತಂಪ ಇದ್ವು ಅಂತ ಊಟದಾಗ ಎಲ್ಲಾರೂ ಅದನ್ನಽ ಕುಡದೀವಿ. ಮೊದಲು ಕುಡದಾಕಿ ನಾನಽ’ ಎಂದಳು.

ಬುತ್ತಿ ಬಿಚ್ಚಿದರೆ ಒಬ್ಬರ ರೊಟ್ಟಿ ಇನ್ನೊಬ್ಬರ ಪಲ್ಯ, ಒಂದೇ ಕ್ಯಾನು ಕೈಯಿಂದ ಕೈಗೆ. ಇದು ನನಗೂ ಗೊತ್ತಿದ್ದ ವಿಷಯವೇ. ಆದರೂ ದಾರಿಯುದ್ದಕ್ಕೂ ನಾವಿಬ್ಬರೂ ವಿಷ ಕುಡಿದವಳು ಒಬ್ಬಳೇ ಎಂದುಕೊಂಡು ಬಂದಿದ್ದೆವು.

ಎಲ್ಲರನ್ನೂ ಜಮೀರನ ಗಾಡಿಯಲ್ಲೇ ತುಂಬಿಕೊಂಡು ಗಂಗಾವತಿಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು ಯಾವ ಔಷಧ ಎಂದು. ಹೆಸರು ನಮಗೆ ಗೊತ್ತಿರಲಿಲ್ಲ, ಕಳಕಪ್ಪನ ಫೋನು ಬಂದ್ ಆಗಿತ್ತು. ನಾನು ಅವನ ಇಡೀ ವಂಶವನ್ನು ಬೈಯುತ್ತ ಗೇಟಿಗೆ ಬಂದರೆ ಅವನೇ ಅಲ್ಲಿ ನಿಂತಿದ್ದ. ಔಷಧ ಹಂಚಿಕೊಂಡ ಪಾಲುದಾರನ ಮನೆಯಿಂದ ಮೂಲ ಡಬ್ಬಿಯನ್ನು ಚೀಲದಲ್ಲಿ ಸುತ್ತಿಕೊಂಡು, ನಾವು ಈ ಆಸ್ಪತ್ರೆಗೇ ಬರುತ್ತೇವೆಂದು ಊಹಿಸಿ ಬಸ್ಸು ಹಿಡಿದು ಬಂದಿದ್ದ. ಒಳಗೆ ಬರಲು ಅವನಿಗೆ ಕಾಲು ಬರಲಿಲ್ಲ. ಡಬ್ಬಿಯನ್ನು ನನ್ನ ಕೈಗಿಟ್ಟು ಗೋಡೆಗೆ ಒರಗಿ ಅತ್ತ.

ಡಾಕ್ಟರು ಡಬ್ಬಿ ನೋಡಿ ಕನ್ನಡಕ ತೆಗೆದರು. ತೊಳೆದಿದ್ದಾರೆ, ನೀರು ಬೆರೆತಿದೆ, ಹಂಚಿಕೊಂಡಿದ್ದಾರೆ, ಆದ್ದರಿಂದ ಒಳಗೆ ಹೋದದ್ದು ಬಹಳ ಕಡಿಮೆ ಇರಬಹುದು ಎಂದರು. ಇರಬಹುದು ಎಂಬ ಮಾತನ್ನು ಶಿವಲಿಂಗಮ್ಮ ಹಿಡಿದುಕೊಂಡಳು. ‘ಇರಬೌದು ಅಂದ್ರ ಏನ್ರಿ ಸಾಹೇಬ್ರ?’ ಎಂದಳು. ಈಗಲೇ ಹೇಳಲಾಗುವುದಿಲ್ಲಮ್ಮ, ಕೆಲವು ದಿನ ಬಾಯಿ, ಮೂತ್ರ, ಉಸಿರು ನೋಡುತ್ತಿರಬೇಕು ಎಂದರು ಅವರು.

ಆ ದಿನಗಳನ್ನು ನಾನು ಮರೆಯಲಾರೆ. ಹೆಂಗಸರೆಲ್ಲ ಚೆನ್ನಾಗಿಯೇ ಇದ್ದರು, ಮತ್ತು ಅವರು ಚೆನ್ನಾಗಿರುವುದೇ ನನ್ನ ಎದೆ ಹಿಂಡುತ್ತಿತ್ತು. ಮಂಚದ ಮೇಲೆ ಕೂತು ಮಾತಾಡುತ್ತಿದ್ದರು, ಮನೆಗೆ ಕಳಿಸಿ ಎನ್ನುತ್ತಿದ್ದರು. ಶಿವಲಿಂಗಮ್ಮ ಮಾತ್ರ ಫೋನಿನ ಟಾರ್ಚು ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಳು. ‘ಬಾಯಿ ತಗಿ’ ಎನ್ನುವಳು. ನಾಲಿಗೆ, ಕೆನ್ನೆಯ ಒಳಗು, ಗಂಟಲು ನೋಡುವಳು. ತಿರುಗಿ ಮೊದಲಿನವಳಿಗೆ ಬರುವಳು. ಮಗಳ ಮಂಚಕ್ಕೆ ಎಲ್ಲರಿಗಿಂತ ಕೊನೆಯಲ್ಲಿ ಹೋಗುತ್ತಿದ್ದಳು. ಗದ್ದೆಯಲ್ಲಿ ಮಾಳವ್ವ ಅಂದ ಮಾತು ಅವಳಿಗೆ ನಾಟಿತ್ತು.

ಒಂದು ಬೆಳಿಗ್ಗೆ ಮಾಳವ್ವನ ನಾಲಿಗೆಯ ಅಂಚಿನಲ್ಲಿ ಬಿಳಿಯ ಹುಣ್ಣು ಕಂಡಿತು. ಶಿವಲಿಂಗಮ್ಮ ಟಾರ್ಚು ಆರಿಸಿ ನೆಲದ ಮೇಲೆ ಕೂತುಬಿಟ್ಟಳು. ನಾನು ನೋಡಿದವರಿಗೆಲ್ಲ ಶುರುವಾದದ್ದು ಹೀಗೆಯೇ. ಮಾಳವ್ವ ನಮ್ಮಿಬ್ಬರ ಮುಖ ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಲಿಂದಲೇ, ‘ಸಿಸ್ಟರ್, ಸಿಟ್ಟಾಗಬ್ಯಾಡ್ರಿ. ಕದ್ದು ಎಲಿ ಅಡಿಕಿ ಹಾಕ್ಕೊಂಡಿದ್ದೆ. ಸುಣ್ಣ ಒಂದೀಟು ಹೆಚ್ಚಾಗಿತ್ತು’ ಎಂದಳು. ಡಾಕ್ಟರು ಸುಣ್ಣವೂ ಇರಬಹುದು, ಅದೂ ಇರಬಹುದು ಎಂದರು. ಹುಣ್ಣು ಮಾಯುವ ತನಕ ಶಿವಲಿಂಗಮ್ಮ ಅನ್ನ ಮುಟ್ಟಲಿಲ್ಲ.

ಎಲ್ಲರೂ ಉಳಿದರು. ಎಲ್ಲರೂ ನಡೆದುಕೊಂಡೇ ಊರಿಗೆ ಬಂದರು. ಊರಿನವರು, ಮೊದಲೇ ಸುಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು. ಅದರ ಹೊಗೆಯನ್ನು ನೀವು, ನಿಮ್ಮ ಮಕ್ಕಳು ಕುಡಿಯುತ್ತಿದ್ದಿರಿ ಎಂದು ನಾನು ಅವರ ಮೇಲೆ ಹರಿಹಾಯ್ದೆ. ಶಿವಲಿಂಗಮ್ಮ ಕೆಲಸ ಬಿಡಲಿಲ್ಲ, ಬೆಂಕಿಯನ್ನೂ ಹಚ್ಚಲಿಲ್ಲ. ಆದರೆ ತೋಟದಲ್ಲಿ ಯಾವ ಕ್ಯಾನು ಸಿಕ್ಕರೂ, ಅದರ ಮೇಲೆ ಯಾವ ಚಿತ್ರವಿದ್ದರೂ, ಕುಡುಗೋಲಿನಿಂದ ಎರಡು ಹೋಳು ಮಾಡಿ ಹಾಕತೊಡಗಿದಳು.

ಬೇಸಿಗೆ ಬಂದಾಗ ಹೆಂಗಸರಿಗೆ ತಂಪು ನೀರು ಬೇಕಾಯಿತು. ಮಾಳವ್ವನೇ ಮೊದಲು ಕೊಪ್ಪಳದ ಅಂಗಡಿಯಿಂದ ಹೊಸ ಕ್ಯಾನು ಕೊಂಡು, ಗೋಣಿ ತಟ್ಟು ಮಡಿಸಿಕೊಂಡು ಅವಳ ಬಾಗಿಲಿಗೆ ಬಂದಳು. ‘ಹೊಲಿದು ಕೊಡಬೇ. ಹೊಸಾದೈತಿ’ ಎಂದಳು. ಶಿವಲಿಂಗಮ್ಮ ಒಲ್ಲೆ ಎಂದಳು. ಮಾಳವ್ವ ಅದನ್ನು ಅಲ್ಲಿಯೇ ಇಟ್ಟು ಹೋದಳು. ಕಡೆಗೆ ಅವಳು ಹೊಲಿದಳು. ಬೇರೆಯವರೂ ತಂದಿಟ್ಟರು, ಅವನ್ನೂ ಹೊಲಿದಳು.

ಆದರೆ ಹೊಲಿದ ಕ್ಯಾನನ್ನು ಈಗ ಅವಳು ಕೂಡಲೇ ಕೊಡುವುದಿಲ್ಲ. ನೀರು ತುಂಬಿ ತನ್ನ ಜಗಲಿಯಲ್ಲಿ ತೂಗುಹಾಕಿ, ತಾನೊಬ್ಬಳೇ ಅದರಿಂದ ಕುಡಿಯುತ್ತಾಳೆ. ಹುಲಗಮ್ಮ ಕೈ ಚಾಚಿದರೆ ಹೊಡೆಯುತ್ತಾಳೆ. ಬೆಳಿಗ್ಗೆ ನನ್ನ ಬಾಗಿಲಿಗೆ ಬರುತ್ತಾಳೆ. ಅಂಗಡಿಯ ಹೊಸ ಕ್ಯಾನಿನಲ್ಲಿ ವಿಷ ಎಲ್ಲಿಂದ ಬರುತ್ತದೆ, ನಿನಗೆ ಬುದ್ಧಿ ಕೆಟ್ಟಿದೆ ಎಂದು ನಾನು ಬೈಯುತ್ತೇನೆ. ‘ಗೊತ್ತೈತ್ರಿ’ ಎನ್ನುತ್ತಾಳೆ, ಮತ್ತು ಹೊಸ್ತಿಲ ಮೇಲೆ ಕೂತು ಬಾಯಿ ತೆರೆಯುತ್ತಾಳೆ. ನಾನು ಟಾರ್ಚು ತರುತ್ತೇನೆ. ನಾಲಿಗೆ ನೋಡುತ್ತೇನೆ, ಕೆನ್ನೆಯ ಒಳಗು ನೋಡುತ್ತೇನೆ. ಏನೂ ಇಲ್ಲ ಎನ್ನುತ್ತೇನೆ.

‘ಛಲೋತ್ನಾಗಿ ನೋಡ್ರಿ ಸಿಸ್ಟರ್’ ಎನ್ನುತ್ತಾಳೆ. ಅಲ್ಲಿ ಏನೂ ಇರುವುದಿಲ್ಲವೆಂದು ಗೊತ್ತಿದ್ದರೂ ಇನ್ನೊಮ್ಮೆ ನೋಡುತ್ತೇನೆ.